ಐಗಳ ಮಠದಿಂದ ಅರ್ಹತಾಪತ್ರದವರೆಗೆ: ಕನ್ನಡ ನಾಡಿನಲ್ಲಿ ಶಿಕ್ಷಕನ ಯೋಗ್ಯತೆಯ ಚರಿತ್ರೆ

1. ಪೀಠಿಕೆ

ಶಿಕ್ಷಣದ ಇತಿಹಾಸವೆಂದರೆ ಸಾಮಾನ್ಯವಾಗಿ ಶಾಲೆಗಳ ಸಂಖ್ಯೆ, ಪಠ್ಯಪುಸ್ತಕಗಳ ಸ್ವರೂಪ, ಇಲಾಖೆಯ ಆಡಳಿತ ಹಾಗೂ ಭಾಷಾಮಾಧ್ಯಮದ ವಿವಾದಗಳ ಇತಿಹಾಸವೇ ಆಗಿಬಿಡುತ್ತದೆ. ಇವೆಲ್ಲಕ್ಕೂ ಹಿಂದಿರುವ ಮೂಲಭೂತ ಪ್ರಶ್ನೆಯೊಂದಿದೆ. ಕಲಿಸುವವನು ಕಲಿಸಲು ಯೋಗ್ಯನೆಂದು ನಿರ್ಣಯಿಸುವವರು ಯಾರು? ಈ ನಿರ್ಣಯದ ಅಧಿಕಾರ ಒಂದು ಕಾಲಕ್ಕೆ ಊರಿನ ಕೈಯಲ್ಲಿತ್ತು; ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಲಾಖೆಯ ಕೈಗೆ ಬಂದಿತು; ಇಪ್ಪತ್ತನೆಯ ಶತಮಾನದಲ್ಲಿ ವಿಶ್ವವಿದ್ಯಾನಿಲಯವೂ ಅದರಲ್ಲಿ ಪಾಲುಗೊಂಡಿತು; ಇಪ್ಪತ್ತೊಂದನೆಯ ಶತಮಾನದಲ್ಲಿ ಶಾಸನ ಮತ್ತು ಅರ್ಹತಾ ಪರೀಕ್ಷೆಗಳ ವ್ಯಾಪ್ತಿಗೆ ಸೇರಿತು. ಈ ಪಲ್ಲಟದಲ್ಲಿ ಸಮಾಜವು ಗಳಿಸಿದ್ದೇನು, ಕಳೆದುಕೊಂಡದ್ದೇನು ಎಂಬುದನ್ನು ಜಾನಪದೀಯ ಆಕರಗಳು ಮತ್ತು ಆಡಳಿತ ದಾಖಲೆಗಳೆರಡರ ನೆರವಿನಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಊರು ನೀಡುತ್ತಿದ್ದ ಮಾನ್ಯತೆ

ಇಲಾಖೆಯ ಶಾಲೆಗಳು ಬರುವುದಕ್ಕೆ ಮುನ್ನ ಕನ್ನಡ ನಾಡಿನ ಹಳ್ಳಿಗಳಲ್ಲಿ ಅಕ್ಷರ ಕಲಿಸುತ್ತಿದ್ದ ಸ್ಥಳಕ್ಕೆ ಮಠವೆಂದೇ ಹೆಸರು. ಗುಡಿಯ ಪೌಳಿ, ಧರ್ಮಛತ್ರ, ಸಾಹುಕಾರರ ಮನೆಯ ಜಗಲಿ ಯಾವುದಾದರೂ ಮಠವಾಗಬಹುದಿತ್ತು. ಕಲಿಸುವವನಿಗೆ ಪ್ರತಿಫಲ ಸಲ್ಲುತ್ತಿದ್ದುದರಿಂದ ಅದು ಕೂಲಿಮಠ. ಕಲಿಸುವವರು ಅಯ್ಯಗಳಾದ್ದರಿಂದ ಐಗಳ ಮಠ. ಹೆಸರುಗಳೇ ಸಂಸ್ಥೆಯ ಸ್ವರೂಪವನ್ನು ತಿಳಿಸುತ್ತವೆ. ಮೊದಲನೆಯದರಲ್ಲಿ ದುಡಿಮೆಯ ಸೂಚನೆಯಿದೆ, ಎರಡನೆಯದರಲ್ಲಿ ಗೌರವದ ಸೂಚನೆಯಿದೆ.

ಐಗಳ ಬಳಿ ಯಾವ ಸನ್ನದೂ ಇರಲಿಲ್ಲ. ಅಕ್ಷರ ದುಂಡಾಗಿರಬೇಕು, ಮಗ್ಗಿ ಬಾಯಿಗೆ ಬರಬೇಕು, ಕರಾರುಪತ್ರ ಬರೆಯಲು ತಿಳಿದಿರಬೇಕು, ಕಾವ್ಯವನ್ನು ರಾಗವಾಗಿ ಓದಬೇಕು ಎಂಬುದು ಊರಿನ ನಿರೀಕ್ಷೆ. ಹಲವೆಡೆ ಪಂಚಾಂಗ ನೋಡುವುದು, ಮನೆಮದ್ದು ಕೊಡುವುದು, ಪುರಾಣ ಓದುವುದು ಸಹ ಅವರ ಕೆಲಸವಾಗಿತ್ತು. ಒಬ್ಬ ಹುಡುಗ ಮನೆಯ ಲೆಕ್ಕವನ್ನು ತಪ್ಪಿಲ್ಲದೆ ಬರೆದಾಗ ಐಗಳ ಯೋಗ್ಯತೆ ಸಾಬೀತಾಗುತ್ತಿತ್ತು.

ಈ ಸಾಬೀತಿಗೆ ವರ್ಷಕ್ಕೊಮ್ಮೆ ಸಾರ್ವಜನಿಕ ರೂಪವೂ ದೊರೆಯುತ್ತಿತ್ತು. ಬಯಲುಸೀಮೆಯಲ್ಲಿ ಮಹಾನವಮಿಯ ದಿನಗಳಂದು ಮಠದ ಹುಡುಗರು ಬಣ್ಣದ ಕೋಲುಗಳನ್ನು ಹಿಡಿದು ಐಗಳೊಡನೆ ಮನೆಮನೆಗೆ ಹೋಗಿ ಚೌಪದ ಹಾಡುತ್ತಿದ್ದರು. ಮನೆಯವರು ಕಾಳು, ಕಾಸು, ಬಟ್ಟೆ ನೀಡುತ್ತಿದ್ದರು. ಕರಾವಳಿಯ ಹೂವಿನಕೋಲು ಸಂಪ್ರದಾಯವೂ ಇದೇ ಕಾಲದ್ದು. ಅಲ್ಲಿ ಬಾಲಕರು ಗುರುವಿನೊಡನೆ ಬಂದು ಹಾಡಿ, ಯಕ್ಷಗಾನದ ಅರ್ಥ ಹೇಳಿ, ಮನೆಯನ್ನು ಹರಸಿ ಹೋಗುತ್ತಾರೆ. ಇವನ್ನು ಕೇವಲ ಮನರಂಜನೆಯ ಅಥವಾ ಯಾಚನೆಯ ಆಚರಣೆಗಳೆಂದು ವಿವರಿಸಿದರೆ ಅವುಗಳ ಒಂದು ಮುಖ್ಯ ಕಾರ್ಯ ಮರೆಯಾಗುತ್ತದೆ. ಹುಡುಗರ ಉಚ್ಚಾರಣೆ, ಕಂಠಪಾಠ, ಸಭಾಧೈರ್ಯ ಎಲ್ಲವೂ ಆ ದಿನ ಜಗಲಿಯಲ್ಲಿ ಪರೀಕ್ಷೆಗೊಳಗಾಗುತ್ತಿದ್ದವು. ಪರೀಕ್ಷೆ ಮಕ್ಕಳದ್ದು, ಫಲಿತಾಂಶ ಐಗಳದ್ದು. ಮನೆಯಾಕೆ ಮೊರದಲ್ಲಿ ತಂದು ಸುರಿಯುತ್ತಿದ್ದ ಕಾಳು ಒಂದರ್ಥದಲ್ಲಿ ಆ ವರ್ಷದ ಅರ್ಹತಾಪತ್ರವೇ ಆಗಿತ್ತು.

3. ಬಳ್ಳಾರಿಯ ವರದಿ ತೋರಿಸುವ ಚಿತ್ರ

ಈ ವ್ಯವಸ್ಥೆಯನ್ನು ಕುರಿತು ದೊರೆಯುವ ಅತ್ಯಂತ ವಿವರವಾದ ಆಡಳಿತ ದಾಖಲೆಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಸಲ್ಲಿಸಿದ ವರದಿಯೂ ಒಂದು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆದೇಶಿಸಿದ ದೇಶೀ ಶಿಕ್ಷಣದ ಸಮೀಕ್ಷೆಗಾಗಿ ಅದು ಸಿದ್ಧವಾಯಿತು. ಧರ್ಮಪಾಲ್ ಅವರು 1983ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಈ ದಾಖಲೆಗಳು ಮತ್ತೆ ವಿದ್ವಾಂಸರ ಗಮನಕ್ಕೆ ಬಂದವು. ಇಂದಿನದಕ್ಕಿಂತ ವಿಸ್ತಾರವಾಗಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಪಾರಸಿ, ತಮಿಳು, ಇಂಗ್ಲಿಷ್ ಶಾಲೆಗಳು ಹಾಗೂ ಸಂಸ್ಕೃತ ಪಾಠಸ್ಥಳಗಳು.

ಮಠದ ದಿನಚರಿಯನ್ನೂ ಈ ವರದಿ ದಾಖಲಿಸುತ್ತದೆ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಅವನು ಹೊಗಳಿಕೆಗೂ ತೆಗಳಿಕೆಗೂ ಸಲ್ಲದವನು. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏಟು ಏರುತ್ತಿತ್ತು. ಮಕ್ಕಳನ್ನು ಶಕ್ತಿಗನುಗುಣವಾಗಿ ನಾಲ್ಕು ತರಗತಿಗಳಾಗಿ ವಿಂಗಡಿಸಿ, ಕೆಳಗಿನವರಿಗೆ ಮೇಲಿನ ಹುಡುಗರೇ ಕಲಿಸುತ್ತಿದ್ದರು. ಐಗಳಿಗೆ ತಿಂಗಳಿಗೆ ಮಗುವೊಂದಕ್ಕೆ ಕಾಲು ರೂಪಾಯಿಯಿಂದ ಅರ್ಧ ರೂಪಾಯಿ ಸಲ್ಲುತ್ತಿತ್ತು. ಮೇಲಿನ ಹಂತದ ಪಾಠಕ್ಕೆ ಅದು ಹೆಚ್ಚುತ್ತಿತ್ತು.

ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಕಲಿಸುವ ಈ ಕ್ರಮವನ್ನು ಕ್ಯಾಂಬೆಲ್ ಮೆಚ್ಚಿ, ಇಂಗ್ಲೆಂಡಿನಲ್ಲಿ ಇದನ್ನು ಅನುಸರಿಸಿರುವುದು ಯುಕ್ತವೇ ಎಂದು ಅಭಿಪ್ರಾಯಪಟ್ಟರು. ಮದರಾಸಿನ ಅನಾಥ ಬಾಲಕರ ಶಾಲೆಯಲ್ಲಿ ಪ್ರಯೋಗ ನಡೆಸಿದ ಆಂಡ್ರ್ಯೂ ಬೆಲ್ ಇದೇ ಬಗೆಯ ಪದ್ಧತಿಯನ್ನು 1797ರಲ್ಲಿ ಇಂಗ್ಲೆಂಡಿಗೆ ಪರಿಚಯಿಸಿದ್ದರು. ಶಿಕ್ಷಕ ತರಬೇತಿಯ ಚರಿತ್ರೆಗೆ ಈ ಅಂಶ ಅತ್ಯಂತ ಮಹತ್ವದ್ದು. ಐಗಳ ಮಠದಲ್ಲಿ ಕಲಿಯುವುದೂ ಕಲಿಸಲು ಕಲಿಯುವುದೂ ಒಂದೇ ಜಗಲಿಯ ಮೇಲೆ ನಡೆಯುತ್ತಿದ್ದವು. ಪ್ರತ್ಯೇಕ ತರಬೇತಿ ಶಾಲೆ ಇಲ್ಲದಿದ್ದರೂ ತರಬೇತಿ ಇತ್ತು.

ಆದರೆ ವರದಿಯ ಇನ್ನೊಂದು ಮುಖವನ್ನು ಮರೆಮಾಚುವಂತಿಲ್ಲ. ಶಬ್ದಮಣಿದರ್ಪಣ, ಅಮರ, ನಿಘಂಟು, ಗಿರಿಜಾಕಲ್ಯಾಣ, ಅನುಭವಾಮೃತಗಳಂತಹ ಕೃತಿಗಳು ಪಾಠದಲ್ಲಿದ್ದರೂ, ಆಡುಮಾತಿಗಿಂತ ಭಿನ್ನವಾದ ಆ ಪದ್ಯಭಾಷೆಯ ಅರ್ಥವನ್ನು ವಿವರಿಸಬಲ್ಲ ಶಿಕ್ಷಕರು ವಿರಳವೆಂದು ಕ್ಯಾಂಬೆಲ್ ಬರೆದಿದ್ದಾರೆ. ಒಂಬತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಯಲ್ಲಿ ಶಾಲೆಗೆ ಬರುತ್ತಿದ್ದವರು 6,641 ಮಂದಿ ಮಾತ್ರ. ಅವರಲ್ಲಿ ಹೆಣ್ಣುಮಕ್ಕಳು 60. ಊರು ನೀಡುತ್ತಿದ್ದ ಮಾನ್ಯತೆ ಊರಿನ ಶ್ರೇಣಿಯನ್ನು ಮೀರಲಾರದು ಎಂಬುದಕ್ಕೆ ಈ ಅಂಕಿಗಳು ಸಾಕ್ಷಿಯಾಗಿವೆ. ಹೆಣ್ಣೊಬ್ಬಳು ಅಥವಾ ಅಸ್ಪೃಶ್ಯನೆನಿಸಿದವನೊಬ್ಬ ಎಷ್ಟೇ ಬಲ್ಲವರಾಗಿದ್ದರೂ ಇಂಥ ಮಠದ ಐಗಳಾಗುವುದನ್ನು ಊರು ಒಪ್ಪುವಂತಿರಲಿಲ್ಲ.

4. ನಾರ್ಮಲ್ ಶಾಲೆಯ ಆಗಮನ

ಶಿಕ್ಷಕರಿಗೆ ಸರ್ಕಾರದ ವೆಚ್ಚದಲ್ಲಿ ತರಬೇತಿ ನೀಡಬೇಕೆಂಬ ವಿಚಾರ ಮನ್ರೋನ 1826ರ ಮಾರ್ಚ್ 10ರ ಟಿಪ್ಪಣಿಯಲ್ಲಿಯೇ ಕಾಣಿಸಿಕೊಂಡಿತು. ಅದು ನೀತಿಯಾಗಿ ನೆಲೆಗೊಂಡದ್ದು 1854ರ ವುಡ್ ಶಿಕ್ಷಣ ಸಂದೇಶದ ನಂತರ. ಪ್ರತಿ ಪ್ರಾಂತದಲ್ಲಿಯೂ ತರಬೇತಿ ಶಾಲೆಗಳಿರಬೇಕೆಂದು ಆ ಸಂದೇಶ ಸೂಚಿಸಿತು. ಮದರಾಸಿನಲ್ಲಿ 1856ರಲ್ಲಿ ಆರಂಭವಾದ ನಾರ್ಮಲ್ ಶಾಲೆಯು ಮುಂದೆ ಸೈದಾಪೇಟೆಯ ಶಿಕ್ಷಕರ ಕಾಲೇಜಾಗಿ ಬೆಳೆಯಿತು. 1880ರ ದಶಕದಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಎಲ್.ಟಿ. ಪದವಿಯನ್ನು ಸ್ಥಾಪಿಸಿದಾಗ ಅಧ್ಯಾಪನ ವೃತ್ತಿಗೆ ವಿಶ್ವವಿದ್ಯಾನಿಲಯದ ಮುದ್ರೆ ದೊರೆಯಿತು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಮತ್ತು ಬಳ್ಳಾರಿಯ ಪ್ರೌಢಶಾಲಾ ಶಿಕ್ಷಕರಿಗೆ ಅದೇ ಪದವಿ ಮಾನದಂಡವಾಯಿತು.

ಮುಂಬಯಿ ಕರ್ನಾಟಕದಲ್ಲಿ ತರಬೇತಿಯ ಪ್ರಶ್ನೆ ಭಾಷೆಯ ಪ್ರಶ್ನೆಯೊಡನೆ ಬೆಸೆದುಕೊಂಡಿತ್ತು. ಅಲ್ಲಿ ಮರಾಠಿ ಶಾಲೆಗಳೇ ಪ್ರಬಲವಾಗಿದ್ದವು. ಕನ್ನಡ ಶಾಲೆ ತೆರೆಯಬೇಕೆಂದರೆ ಕನ್ನಡದಲ್ಲಿ ಕಲಿಸಬಲ್ಲ, ಇಲಾಖೆ ಒಪ್ಪುವಂತಹ ಮಾಸ್ತರರು ಬೇಕಾಗಿತ್ತು. ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿ ಡೆಪ್ಯುಟಿ ಚನ್ನಬಸಪ್ಪನವರು (1834–1881) ಈ ಕೊರತೆಯನ್ನು ತುಂಬಲು ಶ್ರಮಿಸಿದರು. ಕನ್ನಡ ಶಾಲೆಗಳ ವಿಸ್ತರಣೆಗೆ ಶಿಕ್ಷಣಾಧಿಕಾರಿ ರಸೆಲ್ ಅವರ ಬೆಂಬಲವಿತ್ತು. ಅಲ್ಲಿ ಶಿಕ್ಷಕನ ಪ್ರಮಾಣಪತ್ರ ಒಂದು ಭಾಷೆಯ ಉಳಿವಿಗೆ ಸಾಧನವಾಯಿತು ಎಂಬುದು ಗಮನಾರ್ಹ. 1860ರ ದಶಕದಲ್ಲಿ ಶಿಕ್ಷಕರಿಗಾಗಿ ಹೊರಟ ನಿಯತಕಾಲಿಕದ ಹೆಸರು ‘ಮಠಪತ್ರಿಕೆ’. ಮುಂದೆ ಅದು ‘ಶಾಲಾಪತ್ರಿಕೆ’ಯಾಯಿತು. ಸಂಸ್ಥೆ ಬದಲಾದರೂ ಹಳೆಯ ಹೆಸರು ಕೆಲಕಾಲ ಜನರ ನಾಲಗೆಯ ಮೇಲೆ ಉಳಿದಿತ್ತೆಂಬುದಕ್ಕೆ ಇದು ನಿದರ್ಶನ. ಮುಲ್ಕಿ ಪರೀಕ್ಷೆ ಪಾಸಾಗಿ ‘ಟ್ರೇನಿಂಗ್ ಆದ’ ಮಾಸ್ತರನೆಂಬ ಹೊಸ ಸಾಮಾಜಿಕ ವ್ಯಕ್ತಿತ್ವವೂ ಈ ಭಾಗದಲ್ಲಿ ರೂಪುಗೊಂಡಿತು.

ಮೈಸೂರು ಸಂಸ್ಥಾನ ಅನುಸರಿಸಿದ ಮಾರ್ಗ ಸ್ವಲ್ಪ ಭಿನ್ನವಾದುದು. ಶಿಕ್ಷಣ ನಿರ್ದೇಶಕರಾಗಿದ್ದ ಬಿ.ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ರೂಪಿಸಿದರು. ಶಾಲೆಯ ಕಟ್ಟಡ ಗ್ರಾಮಸ್ಥರದ್ದು, ಮೇಷ್ಟರ ಸಂಬಳ ಸರ್ಕಾರದ್ದು. ಮೇಷ್ಟರನ್ನು ಸಾಧ್ಯವಾದೆಡೆ ಹಳ್ಳಿಯ ಮಠಗಳ ಶಿಕ್ಷಕರಿಂದಲೇ ಆರಿಸಿ, ನಾರ್ಮಲ್ ಶಾಲೆಯಲ್ಲಿ ತರಬೇತಿ ನೀಡಿ ಕಳುಹಿಸುವುದು ಯೋಜನೆಯ ತಿರುಳಾಗಿತ್ತು. ಐಗಳನ್ನು ಅನರ್ಹರೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಅವರ ಅನುಭವವನ್ನು ಬಂಡವಾಳವಾಗಿಸಿಕೊಂಡು ಮೇಲೆ ತರಬೇತಿಯನ್ನು ಕಟ್ಟುವ ವಿವೇಕವನ್ನು ಈ ಯೋಜನೆ ತೋರಿತು. ಹಾಗೆಂದು ಐಗಳ ಪಾಲಿಗೆ ಇದು ಸುಲಭದ ಸಂಗತಿಯಾಗಿರಲಾರದು. ಊರಿಗೆ ಊರೇ ಗುರುವೆಂದು ನಮಸ್ಕರಿಸುತ್ತಿದ್ದ ನಡುವಯಸ್ಸಿನ ವ್ಯಕ್ತಿ, ಭೂಗೋಳದ ನಕ್ಷೆಯೆದುರು ಮತ್ತೆ ವಿದ್ಯಾರ್ಥಿಯಾಗಿ ಕುಳಿತುಕೊಳ್ಳಬೇಕಾಗಿತ್ತು.

ಪ್ರಮಾಣಪತ್ರದ ದೊಡ್ಡ ಕೊಡುಗೆ ಕಾಣುವುದು ಸ್ತ್ರೀಶಿಕ್ಷಣದಲ್ಲಿ. ಮುಂಬಯಿ ಪ್ರಾಂತದಲ್ಲಿ ಸಾವಿತ್ರಿಬಾಯಿ ಫುಲೆಯವರು ಶಿಕ್ಷಕ ತರಬೇತಿ ಪಡೆದು 1848ರಲ್ಲಿ ಪುಣೆಯ ಬಾಲಿಕಾ ಶಾಲೆಯಲ್ಲಿ ಪಾಠ ಹೇಳತೊಡಗಿದ್ದರು. ಮೈಸೂರಿನಲ್ಲಿ 1881ರಲ್ಲಿ ಆರಂಭವಾದ ಮಹಾರಾಣಿ ಬಾಲಿಕಾ ಪಾಠಶಾಲೆ ಮುಂದೆ ಶಿಕ್ಷಕಿಯರನ್ನು ತಯಾರಿಸುವ ಕೇಂದ್ರವೂ ಆಯಿತು. ಊರಿನ ಒಪ್ಪಿಗೆಯನ್ನು ಕಾಯುತ್ತಿದ್ದರೆ ಎಂದೂ ಲಭಿಸದಿದ್ದ ಸ್ಥಾನವನ್ನು ಇಲಾಖೆಯ ಕಾಗದವೊಂದು ಹೆಣ್ಣುಮಕ್ಕಳಿಗೆ ದೊರಕಿಸಿಕೊಟ್ಟಿತು. ಅವರಿಗೆ ಅದು ಸಂಬಳದ ಹಕ್ಕಿನಷ್ಟೇ ಸಾಮಾಜಿಕ ರಕ್ಷಣೆಯೂ ಆಗಿತ್ತು.

5. ವಿಶ್ವವಿದ್ಯಾನಿಲಯ ಮತ್ತು ಶಾಸನ

1956ರ ಏಕೀಕರಣದ ವೇಳೆಗೆ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ತಮ್ಮ ತಮ್ಮ ತರಬೇತಿ ಪದ್ಧತಿಗಳೊಡನೆ ಒಂದುಗೂಡಿದವು. ಪ್ರಾಥಮಿಕ ಹಂತಕ್ಕೆ ಟಿ.ಸಿ.ಎಚ್., ಪ್ರೌಢ ಹಂತಕ್ಕೆ ಬಿ.ಎಡ್. ಎಂಬ ವಿಭಾಗ ಕ್ರಮೇಣ ನೆಲೆಗೊಂಡಿತು. 1963ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಶಿಕ್ಷಣ ಕಾಲೇಜು ವಿಷಯಜ್ಞಾನವನ್ನೂ ಬೋಧನಕಲೆಯನ್ನೂ ನಾಲ್ಕು ವರ್ಷ ಒಟ್ಟಿಗೆ ಕಲಿಸುವ ಪದವಿಯನ್ನು ಆರಂಭಿಸಿತು. ಅದರ ಆವರಣದಲ್ಲಿಯೇ ಪ್ರಾತ್ಯಕ್ಷಿಕ ಶಾಲೆಯಿದ್ದುದರಿಂದ ಬೆಳಗಿನ ಪಾಠವನ್ನು ಮಧ್ಯಾಹ್ನ ಮಕ್ಕಳೆದುರು ಒರೆಗೆ ಹಚ್ಚುವುದು ಸಾಧ್ಯವಾಯಿತು. ಐಗಳ ಜಗಲಿಯಲ್ಲಿ ಬೇರ್ಪಡದೆ ಇದ್ದ ಕಲಿಕೆ ಮತ್ತು ಕಲಿಸುವಿಕೆಗಳು ಇಲ್ಲಿ ಆಧುನಿಕ ರೂಪದಲ್ಲಿ ಮತ್ತೆ ಸಂಧಿಸಿದವೆನ್ನಬಹುದು. ವಿಶ್ವವಿದ್ಯಾನಿಲಯವು ಭಾವೀ ಶಿಕ್ಷಕನಿಗೆ ಕೊಡಬಲ್ಲ ಸಂಪನ್ಮೂಲಗಳಲ್ಲಿ ಗ್ರಂಥಾಲಯ, ಪ್ರಯೋಗಾಲಯಗಳಷ್ಟೇ ಬೆಲೆಯುಳ್ಳದ್ದು ಇಂತಹ ಶಾಲೆ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಬಂದವು. 1993ರ ಅಧಿನಿಯಮದ ಮೂಲಕ ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿಗೆ ಶಾಸನಬದ್ಧ ಅಧಿಕಾರ ದೊರೆಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ, ಅದೇ ವರ್ಷದ ಆಗಸ್ಟ್ 23ರ ಅಧಿಸೂಚನೆ ಒಂದರಿಂದ ಎಂಟನೆಯ ತರಗತಿಯವರೆಗಿನ ಶಿಕ್ಷಕರಿಗೆ ಅರ್ಹತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. 150 ಬಹುಆಯ್ಕೆ ಪ್ರಶ್ನೆಗಳ ಈ ಪರೀಕ್ಷೆಯಲ್ಲಿ ತೇರ್ಗಡೆಗೆ ಸಾಮಾನ್ಯ ವರ್ಗದವರು ಶೇಕಡಾ 60 ಅಂಕ ಪಡೆಯಬೇಕು. ಬಿ.ಎಡ್. ಪದವಿಯ ಅವಧಿ 2015ರಿಂದ ಎರಡು ವರ್ಷಗಳಿಗೆ ಏರಿತು. ಪ್ರಾಥಮಿಕ ತರಗತಿಗಳ ನೇಮಕಕ್ಕೆ ಬಿ.ಎಡ್. ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2023ರ ಆಗಸ್ಟ್ 11ರಂದು ತೀರ್ಪು ನೀಡಿತು. ಚಿಕ್ಕ ಮಕ್ಕಳಿಗೆ ಕಲಿಸುವುದು ಕಡಿಮೆ ವಿದ್ಯೆಯ ಕೆಲಸವಲ್ಲ, ಬೇರೆಯೇ ವಿದ್ಯೆಯ ಕೆಲಸ ಎಂಬ ತತ್ತ್ವಕ್ಕೆ ಇದರಿಂದ ಮನ್ನಣೆ ದೊರೆಯಿತು.

2025ರ ಸೆಪ್ಟೆಂಬರ್ 1ರ ಮತ್ತೊಂದು ತೀರ್ಪು 1868ರ ಸಂದರ್ಭವನ್ನು ನೆನಪಿಗೆ ತರುವಂತಹುದು. ಶಿಕ್ಷಣ ಹಕ್ಕು ಕಾಯ್ದೆಗೆ ಮೊದಲೇ ನೇಮಕಗೊಂಡು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚಿನ ಅವಧಿ ಉಳಿದಿರುವ ಶಿಕ್ಷಕರೂ ಎರಡು ವರ್ಷಗಳೊಳಗೆ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ನ್ಯಾಯಾಲಯ ಹೇಳಿತು. ದಶಕಗಳ ಕಾಲ ಕರಿಹಲಗೆಯ ಮುಂದೆ ನಿಂತವರು ನಡುವಯಸ್ಸು ದಾಟಿದ ಮೇಲೆ ಮತ್ತೆ ಪರೀಕ್ಷಾರ್ಥಿಗಳಾಗುವ ಸ್ಥಿತಿ ಇದರಿಂದ ಉಂಟಾಯಿತು. ಮಗುವಿನ ಹಕ್ಕಿನ ದೃಷ್ಟಿಯಿಂದ ಈ ನಿಲುವಿಗೆ ಬಲವಾದ ಸಮರ್ಥನೆಯಿದೆ. ಎರಡು ಸಂದರ್ಭಗಳ ನಡುವಿನ ವ್ಯತ್ಯಾಸವೂ ಅಷ್ಟೇ ಮುಖ್ಯವಾದುದು. 1868ರ ಐಗಳಿಗೆ ಮೊದಲು ತರಬೇತಿ ನೀಡಿ ನಂತರ ಹೊಸ ಕೆಲಸವನ್ನು ವಹಿಸಲಾಯಿತು. 2025ರ ಶಿಕ್ಷಕನಿಗೆ ಗಡುವು ವಿಧಿಸಲಾಯಿತು.

6. ಸಮಾರೋಪ

ಮುಂದೆ ಗುರಿಯಿರಬೇಕು, ಹಿಂದೆ ಗುರುವಿರಬೇಕು ಎಂಬ ನಾಣ್ಣುಡಿ ಗುರುವಿನ ಸ್ಥಾನವನ್ನು ಹೇಳುತ್ತದೆ. ಗುರುವಿನ ಹಿಂದೆ ಯಾರಿರಬೇಕೆಂಬುದನ್ನು ಹೇಳುವುದಿಲ್ಲ. ಐಗಳ ಹಿಂದೆ ಊರಿತ್ತು. ಆ ಊರು ಕಲಿಸುವಿಕೆಯನ್ನು ಕಣ್ಣಾರೆ ಕಂಡು ಬೆಲೆ ಕಟ್ಟುತ್ತಿತ್ತು. ಜೊತೆಗೆ ಹಲವರಿಗೆ ಬಾಗಿಲನ್ನೂ ಮುಚ್ಚಿತ್ತು. ಆ ಬಾಗಿಲನ್ನು ತೆರೆದದ್ದು ಪ್ರಮಾಣಪತ್ರ. ಆದ್ದರಿಂದ ಕೂಲಿಮಠದ ಕಾಲವನ್ನು ಸುವರ್ಣಯುಗವೆಂದು ಹಂಬಲಿಸುವುದು ಚರಿತ್ರೆಗೆ ಸಲ್ಲದ ಮಾತು.

ಆದರೆ ಪತ್ರವು ಕಲಿಸುವಿಕೆಯನ್ನು ನೋಡಲಾರದು, ಕಲಿತದ್ದನ್ನು ಮಾತ್ರ ಅಳೆಯಬಲ್ಲದು. ಹೊಸ ಹುಡುಗನೊಬ್ಬನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುವ ಹಿರಿಯ ಹುಡುಗನ ತಾಳ್ಮೆಯನ್ನು ಬಹುಆಯ್ಕೆಯ ಉತ್ತರಪತ್ರಿಕೆಯಲ್ಲಿ ಗುರುತಿಸುವುದು ಕಷ್ಟ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ನಾಲ್ಕು ವರ್ಷಗಳ ಸಮಗ್ರ ಪದವಿಯನ್ನು ಶಿಕ್ಷಕರ ಕನಿಷ್ಠ ಅರ್ಹತೆಯನ್ನಾಗಿಸುವ ಗುರಿ ಹೊಂದಿದೆ. ಆ ನಾಲ್ಕು ವರ್ಷಗಳಲ್ಲಿ ಎಷ್ಟು ಕಾಲ ಮಕ್ಕಳ ನಡುವೆ ಕಳೆಯುತ್ತದೆ ಎಂಬುದೇ ಅದರ ಸಾರ್ಥಕತೆಯನ್ನು ನಿರ್ಧರಿಸುವ ಅಂಶ. ಪ್ರಾತ್ಯಕ್ಷಿಕ ಶಾಲೆಗಳನ್ನು ಬಲಪಡಿಸುವುದು, ಅನುಭವಿ ಶಿಕ್ಷಕರ ತರಗತಿಯ ಕೆಲಸಕ್ಕೂ ಮೌಲ್ಯಮಾಪನದಲ್ಲಿ ಸ್ಥಾನ ನೀಡುವುದು, ಊರಿನವರೆದುರು ಮಕ್ಕಳ ಕಲಿಕೆ ಪ್ರಕಟವಾಗುವ ಸಂದರ್ಭಗಳನ್ನು ಕಲ್ಪಿಸುವುದು ಇವು ಪರಂಪರೆಯಿಂದ ಪಡೆಯಬಹುದಾದ ಪಾಠಗಳು. ಮಹಾನವಮಿಯ ಜಗಲಿ ಮತ್ತು ವಿಶ್ವವಿದ್ಯಾನಿಲಯದ ಮುದ್ರೆ ಇವೆರಡೂ ಒಬ್ಬನೇ ಶಿಕ್ಷಕನಿಗೆ ಸಾಕ್ಷಿ ನುಡಿಯುವಂತಾದಾಗ ಮಾತ್ರ ಆತನ ಅರ್ಹತೆ ಪೂರ್ಣವಾದೀತು.