ವಿಷಾದವೂ ಮನಸ್ಸಿನ ಕಡಿವಾಣವೂ

‘ಮನಸ್ಸಿಗೆ ಹಚ್ಚಿಕೊಬ್ಯಾಡ್ರಿ; ಕಾಳಮ್ಮಗ ಕಾಯಿ ಒಡಸ್ರಿ, ಎಲ್ಲಾ ಸರಿಹೋಗತೈತಿ.’ ಸಿರಸಂಗಿಯ ಸೀಮೆಯಲ್ಲಿ ಖಿನ್ನರಾಗಿ ಮೂಲೆ ಹಿಡಿದವರಿಗೆ ಹಿರಿಯರು ಹೇಳುವ ಸಮಾಧಾನವು ಬಹುಮಟ್ಟಿಗೆ ಇಂಥದೇ ಆಗಿರುತ್ತದೆ. ಆ ಮಾತಿನಲ್ಲಿ ಅಂತಃಕರಣವುಂಟು. ಆದರೆ ಹಚ್ಚಿಕೊಂಡುದನ್ನು ಬಿಡುವ ಶಕ್ತಿಯೇ ಕುಂದಿದವರಿಗೆ ಈ ಉಪದೇಶದಿಂದ ಫಲವೇನು?

ವಿಷಾದದ ವಿಚಾರವು ನಮ್ಮವರಿಗೆ ಹೊಸದಲ್ಲ. ರೋಗವನ್ನು ಬೆಳೆಯಿಸುವ ಕಾರಣಗಳಲ್ಲೆಲ್ಲ ವಿಷಾದವೇ ಮೊದಲನೆಯದೆಂದು ಚರಕಸಂಹಿತೆಯು ಎಣಿಸಿದೆ. ಗ್ರೀಸ್ ದೇಶದ ಪ್ರಾಚೀನ ವೈದ್ಯರು ದೇಹದಲ್ಲಿ ಕರಿಯ ಪಿತ್ತವು ಹೆಚ್ಚುವುದೇ ಇದಕ್ಕೆ ಮೂಲವೆಂದರು. ಅವರ ವಿವರಣೆಯು ಇಂದು ನಿಲ್ಲದು. ಆದರೂ ಎರಡೂ ಕಡೆಯ ವೈದ್ಯರು ಇದನ್ನು ತಮ್ಮ ಶಾಸ್ತ್ರದ ವಿಷಯವೆಂದೇ ಬಗೆದರೆಂಬುದು ಗಮನಾರ್ಹವಾಗಿದೆ.

ನಮ್ಮ ನೆರೆಯ ಧಾರವಾಡದಲ್ಲಿ 1845ರಲ್ಲಿ ಹುಚ್ಚರ ಆಸ್ಪತ್ರೆಯು ಸ್ಥಾಪಿತವಾಯಿತು. 1858 ಮತ್ತು 1912ರ ಕಾಯದೆಗಳು, ರೋಗಿಯನ್ನು ಯಾರ ಅಪ್ಪಣೆಯಿಂದ ಒಳಗಿಡಬೇಕು, ಎಂದು ಬಿಡಬೇಕು ಎಂಬುದನ್ನೇ ಮುಖ್ಯವಾಗಿ ವಿಧಿಸಿದವು. ಕೂಗಾಡಿ ಊರಿಗೆ ಉಪದ್ರವ ಕೊಟ್ಟವನು ಸರಕಾರದ ಕಣ್ಣಿಗೆ ಸುಲಭವಾಗಿ ಬಿದ್ದನು. ಸದ್ದಿಲ್ಲದೆ ಕೊರಗಿದವನಿಗೆ ಮನೆಯ ಮೂಲೆಯೇ ಗತಿಯಾಯಿತು.

ಆ ಮೌನದ ಒಳಗುಟ್ಟು ತುಸು ಕಾಣತೊಡಗಿದುದು, ಮಿದುಳಿನ ರಕ್ತಸಂಚಾರವನ್ನು ಕಾಂತಬಲದಿಂದ ಚಿತ್ರಿಸುವ ಯಂತ್ರಗಳು ಬಂದ ಮೇಲೆ. 2002ರಲ್ಲಿ ಅಮೇರಿಕೆಯ ಗ್ರೆಗ್ ಸೀಗಲ್ ಮತ್ತು ಅವರ ಸಂಗಡಿಗರು ಕೆಲವರಿಗೆ ಮನನೋಯಿಸುವ ಶಬ್ದಗಳನ್ನು ತೋರಿಸಿ, ಬಳಿಕ ಭಾವನೆಗೆ ಸಂಬಂಧಿಸದ ಕೆಲಸವೊಂದನ್ನು ಕೊಟ್ಟರು. ಭಯದುಃಖಗಳ ಸುಳಿವನ್ನು ಹಿಡಿಯುವ, ಬಾದಾಮಿಯಾಕಾರದ ‘ಅಮಿಗ್ಡಲ’ವೆಂಬ ಭಾಗವು ಆರೋಗ್ಯವಂತರಲ್ಲಿ 10 ಸೆಕೆಂಡುಗಳೊಳಗೆ ಶಾಂತವಾಯಿತು, ಖಿನ್ನರಲ್ಲಿ 25 ಸೆಕೆಂಡುಗಳ ತರುವಾಯವೂ ಕೆರಳಿಯೇ ಇತ್ತು. 2007ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿದ್ವಾಂಸರು ಇನ್ನೊಂದು ಸಂಗತಿಯನ್ನು ಕಂಡರು. ನೋವಿನ ಚಿತ್ರವನ್ನು ಬೇರೆ ಬಗೆಯಾಗಿ ಭಾವಿಸಲು ಯತ್ನಿಸಿದಾಗ ಆರೋಗ್ಯವಂತರ ಮುಮ್ಮಿದುಳು ಅಮಿಗ್ಡಲವನ್ನು ಹತೋಟಿಗೆ ತಂದಿತು. ಖಿನ್ನರಲ್ಲಿ ಮುಮ್ಮಿದುಳು ಶ್ರಮಿಸಿದರೂ ಅದು ಅಡಗಲಿಲ್ಲ. ಸವಾರನು ಕಡಿವಾಣವನ್ನು ಜಗ್ಗುತ್ತಲೇ ಇದ್ದಾನೆ, ಕುದುರೆಯು ನಿಲ್ಲದು. ಇವು ಕೆಲವೇ ಜನರ ಮೇಲೆ ನಡೆದ ಪರೀಕ್ಷೆಗಳು. ವ್ಯಾಧಿಯ ಕಾರಣವೆಲ್ಲ ಇಷ್ಟರಲ್ಲಿಯೇ ಮುಗಿಯಿತೆನ್ನಲಾಗದು. ಆದರೂ ‘ಇವನು ಯತ್ನಿಸುವುದೇ ಇಲ್ಲ’ ಎಂಬ ಹಳೆಯ ನಿಂದೆಗೆ ಇವು ತಕ್ಕ ಉತ್ತರವಾಗಿವೆ.

ಕಡಿವಾಣವನ್ನು ಮತ್ತೆ ಬಿಗಿಗೊಳಿಸುವ ಉಪಾಯಗಳೂ ಉಂಟು. ಕವಿದ ವಿಚಾರವನ್ನು ಹಿಡಿದು ನಿಲ್ಲಿಸಿ, ಅದು ನಿಜವೇ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು 1960ರ ದಶಕದಲ್ಲಿ ಆರನ್ ಬೆಕ್ ಎಂಬ ವೈದ್ಯರು ಒಂದು ಚಿಕಿತ್ಸೆಯಾಗಿ ರೂಪಿಸಿದರು. ಔಷಧಗಳೂ ಅನೇಕರಿಗೆ ಗುಣವನ್ನು ಕೊಡುತ್ತವೆ. ಧಾರವಾಡದ ಆ ಹಳೆಯ ಆಸ್ಪತ್ರೆಯು ಇಂದು ಮಾನಸಿಕ ಆರೋಗ್ಯದ ವಿದ್ಯಾಸಂಸ್ಥೆಯಾಗಿ ಚಿಕಿತ್ಸೆ ನೀಡುತ್ತಿದೆ. 2022ರಿಂದ 14416 ಎಂಬ ಸರಕಾರಿ ದೂರವಾಣಿಯಲ್ಲಿಯೂ ನೆರವು ದೊರೆಯುತ್ತದೆ.

ಕಾಳಮ್ಮನಿಗೆ ಕಾಯಿ ಒಡೆಯಿಸುವುದು ಬೇಡವೆನ್ನುವವರಾರು? ಒಡೆಯಿಸಿ ಬಂದ ಮೇಲೆ, ಮೂಲೆಯಲ್ಲಿ ಕುಳಿತವರ ಕೈಹಿಡಿದು ವೈದ್ಯರಲ್ಲಿಗೂ ಕರೆದೊಯ್ಯುವುದು ಮನೆಯ ಹಿರಿಯರ ಧರ್ಮವಾಗಿದೆ.