ತಾರಸಿಯ ಕೆಳಗಿನ ಬಿರುಕು

ಚೆನ್ನೈಯ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ನೆಲ ಅಂತಸ್ತು ಕಾರುಗಳ ಪಾಲು. ಅಲ್ಲಿ ಗೋಡೆಯಿಲ್ಲ, ಬರೀ ಕಂಬಗಳು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನ ಇಂಥ ಹಲವು ಕಟ್ಟಡಗಳು ಕಂಬ ಮುರಿದು ಕುಸಿದವು. ಕೆಲವೊಮ್ಮೆ ಕೆಳಗಿನ ಅಂತಸ್ತಷ್ಟೇ ನುಜ್ಜುಗುಜ್ಜಾಗಿ, ಮೇಲಿನವು ಇದ್ದ ಹಾಗೆಯೇ ಇಳಿದು ಕೂತುಬಿಡುತ್ತವೆ. ನೆತ್ತಿಯ ಮೇಲಿಂದ ತೆಗೆದ ಚಿತ್ರದಲ್ಲಿ ತಾರಸಿ ಸರಿಯಾಗಿಯೇ ಇರುತ್ತದೆ. ಆಕಾಶದಿಂದ ಹಾನಿ ಅಳೆಯುವ ವಿದ್ಯೆ ಇಂದಿಗೂ ಸೆಣಸುತ್ತಿರುವುದು ಈ ತೊಡಕಿನೊಂದಿಗೇ.

1906ರ ಏಪ್ರಿಲ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಡುಗಿ, ಸುಟ್ಟುಹೋದ ಕೆಲವೇ ವಾರಗಳಲ್ಲಿ ಜಾರ್ಜ್ ಲಾರೆನ್ಸ್ ಎಂಬ ಛಾಯಾಗ್ರಾಹಕ ಗಾಳಿಪಟಗಳ ಸಾಲಿಗೆ ಭಾರಿ ಕ್ಯಾಮೆರಾ ಕಟ್ಟಿ, ಸುಮಾರು 2,000 ಅಡಿ ಎತ್ತರದಿಂದ ಊರಿನ ಚಿತ್ರ ತೆಗೆದ. ತಮಾಷೆಯೆಂದರೆ ಅದು ಓರೆಯಾಗಿ ತೆಗೆದದ್ದು. ಮುರಿದ ಗೋಡೆಗಳು ಕಾಣುತ್ತಿದ್ದವು. ಆಮೇಲೆ ಬಂದ ನಕಾಶೆ ವಿಮಾನಗಳೂ ಉಪಗ್ರಹಗಳೂ ನೆಟ್ಟಗೆ ಕೆಳಗೆ ನೋಡುವುದನ್ನೇ ರೂಢಿ ಮಾಡಿಕೊಂಡವು. ನಕಾಶೆಗೆ ಅದು ಸರಿ, ಬಿರುಕಿಗಲ್ಲ.

ನಮ್ಮಲ್ಲಿ ಮೊದಲ ಅಡ್ಡಿ ಕೋನದ್ದಲ್ಲ, ಸ್ಪಷ್ಟತೆಯದು. 1993ರ ಸೆಪ್ಟೆಂಬರ್ 30ರ, ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ಕರ್ನಾಟಕದ ಗಡಿಯ ಊರುಗಳನ್ನೂ ಅಲುಗಿಸಿತು. ಆಗ ಮೇಲಿದ್ದ ನಮ್ಮ ಐಆರ್‌ಎಸ್-1ಬಿ ಉಪಗ್ರಹದ ಒಳ್ಳೆಯ ಕ್ಯಾಮೆರಾದ ಒಂದೊಂದು ಚುಕ್ಕೆಯೂ ಸುಮಾರು 36 ಮೀಟರ್ ಅಗಲ. ಹಳ್ಳಿಯ ಕಲ್ಲುಮನೆಗಳು ಒಂದೇ ಚುಕ್ಕೆಯಲ್ಲಿ ಹಲವಾರು ಅಡಗಿಹೋಗುತ್ತಿದ್ದವು. 1999ರಲ್ಲಿ ಹಾರಿದ ಇಕೊನೊಸ್ ಉಪಗ್ರಹ ಒಂದು ಮೀಟರಿಗೆ ಇಳಿಯಿತು. ಭುಜ್ ಅದಕ್ಕೆ ದೊಡ್ಡ ಪರೀಕ್ಷೆ. ಕೇಂಬ್ರಿಜ್‌ನ ಕೈಕೊ ಸೈಟೊ, ರಾಬಿನ್ ಸ್ಪೆನ್ಸ್ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳನ್ನು ನೆಲದ ಮೇಲಿನ ಫೋಟೊಗಳ ಪಕ್ಕದಲ್ಲಿಟ್ಟು ಪರೀಕ್ಷಿಸಿದರು. ಪೂರ್ತಿ ಕುಸಿದದ್ದು ಕಣ್ಣಿಗೆ ಬೀಳುತ್ತಿತ್ತು, ಅದಕ್ಕಿಂತ ಕಡಿಮೆ ಪೆಟ್ಟು ತಪ್ಪಿಸಿಕೊಳ್ಳುತ್ತಿತ್ತು. ಯುರೋಪಿನ ಮಾಪಕದಲ್ಲಿ ಹಾನಿಗೆ ಐದು ದರ್ಜೆ. ಮೇಲಿಂದ ನಂಬಿಕೆಯಿಂದ ಹೇಳಬಹುದಾದದ್ದು ಕೊನೆಯ ಒಂದೆರಡನ್ನು ಮಾತ್ರ. ಮರಳಿ ಮನೆಯೊಳಗೆ ಹೋಗಬಹುದೇ ಎಂಬ ಪ್ರಶ್ನೆ ಏಳುವುದಾದರೋ ನಡುವಿನ ದರ್ಜೆಗಳಲ್ಲಿ.

2003ರಲ್ಲಿ ಇರಾನಿನ ಬಾಮ್ ನಗರ ಭೂಕಂಪಕ್ಕೆ ನೆಲಸಮವಾದಾಗ ಅದಕ್ಕೆ ಮುಂಚಿನ ಮತ್ತು ನಂತರದ ಕ್ವಿಕ್‌ಬರ್ಡ್ ಉಪಗ್ರಹ ಚಿತ್ರಗಳನ್ನು ಜೋಡಿಸಿ ನೋಡಿದ್ದು ಒಂದು ಹೆಜ್ಜೆ. ಆದರೆ ದಿಕ್ಕು ಬದಲಾಯಿಸಿದ್ದು 2010ರ ಹೈಟಿ ಭೂಕಂಪ. ಆರುನೂರಕ್ಕೂ ಹೆಚ್ಚು ತಜ್ಞರು ತಂತಮ್ಮ ಊರುಗಳಲ್ಲಿ ಕೂತು, ವಿಮಾನದಿಂದ ತೆಗೆದ 15 ಸೆಂಟಿಮೀಟರ್ ಸ್ಪಷ್ಟತೆಯ ಚಿತ್ರಗಳಲ್ಲಿ ಮನೆಮನೆಗೂ ಗುರುತು ಹಾಕಿದರು. ನೆದರ್ಲೆಂಡ್ಸ್‌ನ ಸಂಶೋಧಕರಾದ ಗೆರ್ಕೆ ಮತ್ತು ಕೆರ್ಲೆ ಹೈಟಿಯ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನ ಓರೆ ಚಿತ್ರಗಳಿಂದ ಗೋಡೆಗಳ ಹಾನಿಯನ್ನು ಕಂಪ್ಯೂಟರಿನಿಂದಲೇ ಗುರುತಿಸಲು ಹೊರಟರು. ಲಾರೆನ್ಸನ ಕೋನ ನೂರು ವರ್ಷದ ಮೇಲೆ ಮರಳಿ ಬಂತು. ಡ್ರೋನ್ ಅದನ್ನು ಅಗ್ಗ ಮಾಡಿತು.

ರಾಡಾರಿನದು ಬೇರೆ ದಾರಿ: ಮೋಡ, ಕತ್ತಲೆ ಅದಕ್ಕೆ ಲೆಕ್ಕಕ್ಕಿಲ್ಲ. ಬೆಂಗಳೂರಿನಲ್ಲಿ ಜೋಡಣೆಗೊಂಡ ರಾಡಾರ್ ಉಪಗ್ರಹ ನಿಸಾರ್ 2025ರ ಜುಲೈ 30ರಂದು ಚೆನ್ನೈಗೆ ಹತ್ತಿರದ ಶ್ರೀಹರಿಕೋಟಾದಿಂದ ಹಾರಿತು. ಆದರೂ ಅದು ಹೇಳಬಲ್ಲದ್ದು ಯಾವ ಬಡಾವಣೆಗೆ ಪೆಟ್ಟು ಬಿದ್ದಿದೆ ಎಂಬುದನ್ನೇ ಹೊರತು ಯಾವ ಮನೆಯ ಯಾವ ಕಂಬಕ್ಕೆ ಎಂಬುದನ್ನಲ್ಲ. ಕೃತಕ ಬುದ್ಧಿಮತ್ತೆಯ ಬಗ್ಗೆ ನನ್ನ ಉತ್ಸಾಹ ಕಡಿಮೆ. ಅದಕ್ಕೆ ಹಾನಿ ಗುರುತಿಸಲು ಕಲಿಸುವ 2019ರ ಎಕ್ಸ್‌ಬಿಡಿ ಉಪಗ್ರಹ ಚಿತ್ರಸಂಗ್ರಹದಲ್ಲಿ ಎಂಟೂವರೆ ಲಕ್ಷ ಕಟ್ಟಡಗಳಿವೆ, ನಿಜ. ಅದರಲ್ಲಿ ಚಂಡಮಾರುತ, ಕಾಳ್ಗಿಚ್ಚು, ನೆರೆಗಳದ್ದೇ ಸಿಂಹಪಾಲು. ಸುಟ್ಟ ಅಮೆರಿಕನ್ ಮರದ ಮನೆ ನೋಡಿ ಕಲಿತದ್ದು ಚೆನ್ನೈಯ ತಿರುವಲ್ಲಿಕ್ಕೇಣಿಯಲ್ಲಿ ಒತ್ತೊತ್ತಾಗಿ ನಿಂತ ತಾರಸಿಗಳನ್ನು ಓದುವುದು ಹೇಗೆ?

ಚೆನ್ನೈಗೆ ಭೂಕಂಪದ ದೊಡ್ಡ ಪೆಟ್ಟೇನೂ ಬಿದ್ದಿಲ್ಲ. ಆದರೆ 2001ರ ಸೆಪ್ಟೆಂಬರ್‌ನಲ್ಲಿ ಪುದುಚೇರಿ ಕಡಲಲ್ಲಿ ಹುಟ್ಟಿದ ಕಂಪನ ಇಲ್ಲಿಗೂ ತಟ್ಟಿತ್ತು, ಮರುವರ್ಷ ಭಾರತೀಯ ಮಾನಕ ನಗರವನ್ನು ಎರಡನೇ ವಲಯದಿಂದ ಮೂರಕ್ಕೆ ಏರಿಸಿತು. ಕ್ರೋಂಪೇಟೆಯ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ (ಎಂಐಟಿ) ಆವರಣದಲ್ಲಿ ಡ್ರೋನ್ ಕಟ್ಟುವ ಕೈಗಳಿವೆ, ತರಮಣಿಯಲ್ಲಿ ಕಟ್ಟಡ ರಚನೆಯ ಸಂಶೋಧನಾ ಕೇಂದ್ರವಿದೆ. ಇವೆರಡೂ ಸೇರಿ ಮೊದಲು ಮಾಡಬೇಕಾದ ಕೆಲಸ, ಕಂಪನಕ್ಕೆ ಮುಂಚೆಯೇ ಪ್ರತಿ ಕಟ್ಟಡದ ಎತ್ತರ ದಾಖಲಿಸಿಡುವುದು. ಒಂದು ಅಂತಸ್ತು ಕುಗ್ಗಿದರೆ ತಾರಸಿಯ ಎತ್ತರ ಸುಮಾರು ಮೂರು ಮೀಟರ್ ಕಡಿಮೆಯಾಗಿರುತ್ತದೆ. ಹಳೆಯ ಅಳತೆ ಇದ್ದರಷ್ಟೇ ಅದು ಗೊತ್ತಾಗುವುದು.

ಕುಗ್ಗದೆ ಬರೀ ಸೀಳಿದ ಕಂಬಕ್ಕೆ ಆ ಅಳತೆಯೂ ಸಾಲದು. ಚೆನ್ನೈಯ ಮೌಲಿವಾಕ್ಕಂನಲ್ಲಿ 2014ರ ಜೂನ್ 28ರಂದು ಕಟ್ಟುತ್ತಿದ್ದ 11 ಅಂತಸ್ತಿನ ಕಟ್ಟಡ ಭೂಕಂಪವಿಲ್ಲದೆಯೇ ಕುಸಿದು 61 ಜನ ಸತ್ತರು. ಆ ರಾಶಿಯನ್ನು ಯಾವ ಉಪಗ್ರಹವೂ ಕಾಣಬಲ್ಲದು. ಪಕ್ಕದ ಜೋಡಿ ಕಟ್ಟಡ ಮಾತ್ರ ನೆಟ್ಟಗೆ ನಿಂತಿತ್ತು. ಅದು ಅಪಾಯಕಾರಿ ಎಂದು ತೀರ್ಮಾನವಾಗಿ, 2016ರ ನವೆಂಬರ್ 2ರಂದು ಸ್ಫೋಟಕ ಇಟ್ಟು ಕೆಡವಿದರು.