ಮನೆಯಡಿಗೆಯ ಮಾರಾಟ

ಅನ್ನವಿರುವುದು ಇಕ್ಕುವುದಕ್ಕೆ, ಮಾರುವುದಕ್ಕಲ್ಲ ಎಂಬ ಭಾವನೆ ನಮ್ಮಲ್ಲಿ ಬಹು ಹಿಂದಿನದು. ಆಪತ್ಕಾಲದಲ್ಲಿ ವ್ಯಾಪಾರ ಹಿಡಿದ ಬ್ರಾಹ್ಮಣನು ಸಹ ಕೃತಾನ್ನವನ್ನು, ಎಂದರೆ ಬೇಯಿಸಿದ ಆಹಾರವನ್ನು, ಮಾರಕೂಡದೆಂದು ಮನುಸ್ಮೃತಿಯ 10ನೆಯ ಅಧ್ಯಾಯ ವಿಧಿಸುತ್ತದೆ. ಆದರೆ ಹೊಟ್ಟೆಯ ಪಾಡು ಶಾಸ್ತ್ರವನ್ನು ಕೇಳಿ ಬರುವುದಿಲ್ಲ. ಗಂಡನನ್ನು ಕಳೆದುಕೊಂಡು, ಹಪ್ಪಳ ಸಂಡಿಗೆ ಮಾರಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಊರುಗಳಲ್ಲಿ ಅನೇಕರು. ಅವರ ಮಟ್ಟಿಗೆ ಮಾರಬಹುದೇ ಎಂಬುದಕ್ಕಿಂತ ಹೇಗೆ ಮಾರಬೇಕೆಂಬುದೇ ಮುಖ್ಯವಾದ ಪ್ರಶ್ನೆ.

ಈ ಎರಡನೆಯ ಪ್ರಶ್ನೆಯನ್ನು ಎತ್ತಿಕೊಂಡವನು ಕೌಟಿಲ್ಯ. ಆತನ ಅರ್ಥಶಾಸ್ತ್ರವನ್ನು 1909ರಲ್ಲಿ ಸಂಪಾದಿಸಿ ಬೆಳಕಿಗೆ ತಂದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳೆಂಬುದು ನಮಗೆ ಹೆಮ್ಮೆಯ ಸಂಗತಿ. ಅದರಲ್ಲಿ ಅನ್ನ ಮಾರುವವರು ನಗರದ ಇತರ ಕಸುಬುದಾರರಂತೆಯೇ ಕಾಣಿಸುತ್ತಾರೆ. ಧಾನ್ಯ, ಎಣ್ಣೆ, ಉಪ್ಪು ಮೊದಲಾದವುಗಳಲ್ಲಿ ಅದೇ ಬಣ್ಣದ ಕೀಳು ವಸ್ತುವನ್ನು ಬೆರೆಸಿದವನಿಗೆ 12 ಪಣ ದಂಡ.

ಸ್ವತಂತ್ರ ಭಾರತದ ಆಹಾರ ಕಲಬೆರಕೆ ತಡೆ ಕಾಯಿದೆಯು 1954ರಲ್ಲಿ ಅಂಗೀಕೃತವಾಗಿ, 1955ರ ಜೂನ್ 1ರಿಂದ ಜಾರಿಗೆ ಬಂದಿತು. ಅದರ ಪ್ರಕಾರ ಇನ್ಸ್‌ಪೆಕ್ಟರು ಪದಾರ್ಥದ ಮಾದರಿಯನ್ನು ಮೂರು ಪಾಲು ಮಾಡಿ, ಒಂದನ್ನು ಮಾರಾಟಗಾರನಿಗೆ ಕೊಟ್ಟು, ಒಂದನ್ನು ಪರೀಕ್ಷೆಗೆ ಕಳುಹಿಸಿ, ಮೂರನೆಯದನ್ನು ತನ್ನಲ್ಲಿ ಇಟ್ಟುಕೊಳ್ಳಬೇಕಾಗಿತ್ತು. ಅದರ ಕಣ್ಣು ಮುಖ್ಯವಾಗಿ ಕಲಬೆರಕೆಯ ಮೇಲೆ.

ಅಡಿಗೆಮನೆಯ ಶುದ್ಧಿಯನ್ನೇ ಬಂಡವಾಳ ಮಾಡಿಕೊಂಡ ಉದಾಹರಣೆಯೊಂದು ಅದೇ ಕಾಲದಲ್ಲಿ ಕಂಡುಬಂದಿತು. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಒತ್ತಲು ಕುಳಿತರು. ಲಿಜ್ಜತ್ ಸಂಸ್ಥೆ ಹುಟ್ಟಿದ್ದು ಹೀಗೆ. ಕಲಸಿದ ಹಿಟ್ಟು ಕೇಂದ್ರದಿಂದ. ಒತ್ತಿ ಒಣಗಿಸುವುದು ಸದಸ್ಯೆಯರ ಮನೆಗಳಲ್ಲಿ. ಆದ್ದರಿಂದ ಮನೆಯಲ್ಲಿ ಚೊಕ್ಕಟವಾದ ಸ್ಥಳವಿರಬೇಕೆಂಬುದು ಅಲ್ಲಿಯ ಕಟ್ಟಳೆ.

2006ರ ಆಹಾರ ಸುರಕ್ಷತೆ ಕಾಯಿದೆಯ ಮೇರೆಗೆ ಬಂದ 2011ರ ನಿಯಮಗಳು ಇಂಥ ಕಟ್ಟಳೆಯನ್ನೇ ದೇಶಕ್ಕೆಲ್ಲ ಅನ್ವಯಿಸಿದವು. ವರ್ಷಕ್ಕೆ 12 ಲಕ್ಷ ರೂಪಾಯಿಗೆ ಮೀರದ ವಹಿವಾಟಿನ ಸಣ್ಣ ತಯಾರಕರು 100 ರೂಪಾಯಿ ವಾರ್ಷಿಕ ಶುಲ್ಕ ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕೆಂದು ಅವು ವಿಧಿಸಿದವು. ಕುಡಿಯಲು ಯೋಗ್ಯವಾದ ನೀರು, ಗಾಳಿ ಬೆಳಕು, ಕತ್ತರಿಸಿದ ಉಗುರು, ಸಾಬೂನಿನಲ್ಲಿ ತೊಳೆದ ಕೈ ಇವು ಷರತ್ತುಗಳು. ಅಂಟುರೋಗವಿರುವವರು ಕೆಲಸ ಮಾಡಕೂಡದು.

ಒಬ್ಬಳೇ ದುಡಿಯುವ ಮನೆಯಲ್ಲಿ ಈ ಕೊನೆಯ ನಿಯಮ ಕಠಿಣವೇ ಸರಿ. ಕಾಯಿಲೆಯ ದಿನ ಒಲೆ ಹಚ್ಚುವಂತಿಲ್ಲ, ಗಳಿಕೆಯೂ ಇಲ್ಲ. ಆದರೂ ಯೋಚಿಸಬೇಕು. ನೆರೆಮನೆಯಾಕೆ ಕೊಳ್ಳುವಾಗ ಮಾಡಿದವರ ಕೈಯನ್ನೂ ಮನೆಯನ್ನೂ ಕಣ್ಣಾರೆ ಕಂಡಿರುತ್ತಾಳೆ. ಪೊಟ್ಟಣವು ನಾಲ್ಕು ಬೀದಿ ದಾಟಿತೆಂದರೆ ತಿನ್ನುವ ಮಗುವಿನ ತಾಯಿಗೆ ಆ ಮನೆಯ ಗುರುತೇ ಇರುವುದಿಲ್ಲ. ಆಕೆಯ ಪರವಾಗಿ ಅಡಿಗೆಮನೆಯನ್ನು ನೋಡಬೇಕಾದದ್ದು ಕಾನೂನು. ಹಾಗೆ ನೋಡುವವರು ಬಡ ಗೃಹಿಣಿಯನ್ನು ಅಪರಾಧಿಯಂತೆ ಕಾಣದೆ ತಿಳಿಹೇಳಿ ನಡೆಸಿದರೆ, ಅವಳ ಜೀವನವೂ ಉಳಿದೀತು, ಉಣ್ಣುವವರ ಆರೋಗ್ಯವೂ ಉಳಿದೀತು.